ನಲ್ಲಿಯ ನೀರಿನಲ್ಲಿ ಸಾಮ್ರಾಜ್ಯದ ಪಾಠ

ಶಾಲೆಯ ಇತಿಹಾಸ ಪಠ್ಯವು ನಮ್ಮ ರಾಜ್ಯದಲ್ಲಿ ಕೆಲವು ವರ್ಷಗಳಿಗೊಮ್ಮೆ ರಾಜಕೀಯ ವಿವಾದವಾಗಿ ಬೀದಿಗೆ ಬರುತ್ತದೆ. 2015ರಲ್ಲಿ ಒಂದು ಸರ್ಕಾರ ಟಿಪ್ಪು ಜಯಂತಿಯನ್ನು ಆಚರಿಸಲು ಆರಂಭಿಸಿತು. 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ಕೈಬಿಟ್ಟಿತು. 2022ರಲ್ಲಿ ಪಠ್ಯಪುಸ್ತಕಗಳ ಪರಿಷ್ಕರಣೆ ನಡೆದು ದೊಡ್ಡ ಗದ್ದಲವಾಯಿತು; 2023ರಲ್ಲಿ ಸರ್ಕಾರ ಬದಲಾದಾಗ ಆಗ ಸೇರಿಸಿದ್ದ ಕೆಲವು ಪಾಠಗಳು ಹೊರಬಿದ್ದವು. ಈ ಎಲ್ಲ ವಾಗ್ವಾದಗಳಲ್ಲಿ ಪಕ್ಷಭೇದವಿಲ್ಲದೆ ಕೇಳಿಬಂದ ಪ್ರಶ್ನೆ ಒಂದೇ: ಯಾರನ್ನು ಹೊಗಳಬೇಕು, ಯಾರನ್ನು ತೆಗಳಬೇಕು? ಸಾಮ್ರಾಜ್ಯವೊಂದು ನಿತ್ಯದ ವ್ಯವಹಾರದಲ್ಲಿ ಹೇಗೆ ನಡೆಯುತ್ತದೆ, ಅದು ಹೊರಟುಹೋದ ಮೇಲೂ ಏನೇನನ್ನು ಬಿಟ್ಟು ಹೋಗಿರುತ್ತದೆ ಎಂದು ಕೇಳಿದವರು ವಿರಳ. ಹದಿಮೂರು, ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಬೇಕಾಗಿರುವುದು ಈ ಎರಡನೆಯ ಪ್ರಶ್ನೆ ಎಂಬುದು ನನ್ನ ಅಭಿಮತ.

ನಾನು ಇತಿಹಾಸಕಾರನಲ್ಲ. ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ, ಅದರಲ್ಲೂ ಬಹುಕಾಲ ಕಂದಾಯದ ಕಡತಗಳ ನಡುವೆ ಕಳೆದವನು. ನಿವೃತ್ತನಾಗಿ ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿ ನೆಲೆಸಿದ ಮೇಲೆ, ಹತ್ತಿರದ ಸರ್ಕಾರಿ ಶಾಲೆಯೊಂದರಲ್ಲಿ ಶನಿವಾರ ಬೆಳಗ್ಗೆ ಒಂಬತ್ತನೆಯ ತರಗತಿಯ ಮಕ್ಕಳೊಂದಿಗೆ ಸಮಾಜ ವಿಜ್ಞಾನದ ಒಂದು ಅವಧಿಯನ್ನು ಹಂಚಿಕೊಳ್ಳುತ್ತಿದ್ದೇನೆ. ಭಾರತೀಯ ನಿರ್ವಹಣಾ ಸಂಸ್ಥೆಯ ಕಲ್ಲಿನ ಕಟ್ಟಡಗಳು ಇರುವ ಊರೆಂದು ಹೊರಗಿನವರು ಬಿಳೇಕಹಳ್ಳಿಯನ್ನು ಬಲ್ಲರು. ಆದರೆ ಈ ತರಗತಿಯಲ್ಲಿ ಕೂರುವವರು ರಾಯಚೂರು, ಯಾದಗಿರಿಗಳಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಮನೆಯಲ್ಲಿ ತಮಿಳು ಅಥವಾ ತೆಲುಗು ಆಡುವವರು, ಉರ್ದು ಆಡುವವರು, ಮತ್ತು ಹಳೆಯ ಹಳ್ಳಿಯ ಒಕ್ಕಲು ಮನೆತನಗಳ ಒಂದಿಬ್ಬರು.

ಪಠ್ಯಪುಸ್ತಕದ ಮೇಲೆ ನನ್ನ ದೂರು ದೊಡ್ಡದೇನಲ್ಲ. ಕಿತ್ತೂರಿನ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಅಮರ ಸುಳ್ಯದ ದಂಗೆ, ಹಲಗಲಿಯ ಬೇಡರು, ಸುರಪುರದ ವೆಂಕಟಪ್ಪ ನಾಯಕ, ಇವರನ್ನು ಮಕ್ಕಳು ಓದಲೇಬೇಕು. ಆದರೆ ಇವು ಎದುರಿಸಿ ನಿಂತವರ ಕಥೆಗಳು. ಯಾವುದನ್ನು ಎದುರಿಸಿದರೋ ಆ ಯಂತ್ರ ಯಾವ ಹಣದಿಂದ, ಯಾವ ಕಾಗದದಿಂದ ಓಡುತ್ತಿತ್ತು ಎಂಬುದು ಮಾತ್ರ ಎರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಹೀಗಾಗಿ ಮಕ್ಕಳ ಮನಸ್ಸಿನಲ್ಲಿ ಸಾಮ್ರಾಜ್ಯವೆಂದರೆ ಕುದುರೆಯ ಮೇಲೆ ಬಂದು, 1947ರ ಆಗಸ್ಟಿನಲ್ಲಿ ಹಡಗು ಹತ್ತಿ ಹೋದ ಒಂದು ಜನರ ಗುಂಪು.

ಅವರ ಮನೆಯ ನೆಲದಿಂದಲೇ ಆರಂಭಿಸಿದೆ. ಬೆಂಗಳೂರಿನ ಮಕ್ಕಳಿಗೆ 30-40 ಸೈಟು ಗೊತ್ತು. ಅದು 1200 ಚದರ ಅಡಿ. ಒಂದು ಗುಂಟೆ ಎಷ್ಟು ಎಂದು ಕೇಳಿದರೆ, ಊರಿನಲ್ಲಿ ಹೊಲವಿರುವ ಮಕ್ಕಳು 1089 ಚದರ ಅಡಿ ಎನ್ನುತ್ತಾರೆ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? 33 ಅಡಿಯ ಸರಪಳಿಯನ್ನು ಉದ್ದಕ್ಕೂ ಅಗಲಕ್ಕೂ ಹಿಡಿದರೆ 1089. ಅಂಥ ನಲವತ್ತು ಗುಂಟೆ ಒಂದು ಎಕರೆ. ಒಂದು ಗುಂಟೆಗೆ ಹದಿನಾರು ಆಣೆ. ಆಣೆ ನಾಣ್ಯವಾಗಿ ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾಯಿತು, ನೆಲದ ಅಳತೆಯಲ್ಲಿ ಇನ್ನೂ ಜೀವಂತವಾಗಿದೆ. ಮುಂಬಯಿ ಪ್ರಾಂತ್ಯದಲ್ಲಿ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಗಳು ರೂಪಿಸಿದ ಭೂಮಾಪನ ಪದ್ಧತಿ 1860ರ ದಶಕದಲ್ಲಿ ಮೈಸೂರಿಗೆ ಬಂದಿತು. ನೆಲವನ್ನು ಸರ್ವೆ ನಂಬರುಗಳಾಗಿ ಹೋಳು ಮಾಡಿ, ಪ್ರತಿ ಹೋಳಿಗೂ ಕಂದಾಯವನ್ನು ಗೊತ್ತುಮಾಡುವುದು ಅದರ ತಿರುಳು. ಇಂದು ಬಿಳೇಕಹಳ್ಳಿಯ ಯಾವ ಅಪಾರ್ಟ್‌ಮೆಂಟಿನ ಕ್ರಯಪತ್ರ ತೆಗೆದರೂ ಬೇಗೂರು ಹೋಬಳಿ, ಇಂಥ ಸರ್ವೆ ನಂಬರು ಎಂದೇ ಬರೆದಿರುತ್ತದೆ.

ಆದರೆ ಬ್ರಿಟಿಷರೊಬ್ಬರೇ ಸಾಮ್ರಾಜ್ಯವಲ್ಲ. ಅದೇ ಕಂದಾಯ ಕಚೇರಿಯಲ್ಲಿ ನಾವು ಆಡುವ ಜಮಾಬಂದಿ, ಇನಾಮು, ಖರಾಬು, ಫೌತಿ, ಶಿರಸ್ತೇದಾರ, ತಹಶೀಲ್ದಾರ ಎಂಬ ಪದಗಳು ಪಾರಸಿಯ ಮೂಲದವು. ಬಿಜಾಪುರದ ಸುಲ್ತಾನರು, ಮರಾಠರು, ಮೊಘಲರು, ಹೈದರ್ ಮತ್ತು ಟಿಪ್ಪು ಇವರ ಆಡಳಿತಗಳ ಹಾದಿಯಲ್ಲಿ ನಮಗೆ ಬಂದವು. ಬೆಂಗಳೂರು 1638ರಲ್ಲಿ ಬಿಜಾಪುರದ ಕೈಸೇರಿ ಶಹಾಜಿಯ ಜಹಗೀರಾಯಿತು. 1687ರಲ್ಲಿ ಮೊಘಲ್ ಸೇನಾಪತಿ ಖಾಸಿಂ ಖಾನ್ ಅದನ್ನು ಹಿಡಿದ. ಬಳಿಕ ಅದು ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಪಾಲಾಯಿತು. ಊರನ್ನೇ ಮಾರಿದರೇ ಎಂದು ಮಕ್ಕಳು ಬಾಯಿ ತೆರೆಯುತ್ತಾರೆ. ಬಿಳೇಕಹಳ್ಳಿಯಲ್ಲಿ ಸೈಟು ಮಾರುವುದನ್ನು ಅವರು ದಿನವೂ ನೋಡುತ್ತಾರೆ, ಆದರೂ ಇದು ಅಚ್ಚರಿ. ಇನ್ನೂ ಹಿಂದಕ್ಕೆ ಹೋಗಬೇಕೆನ್ನುವವರಿಗೆ ಕೆಲವೇ ಕಿಲೋಮೀಟರ್ ದೂರದ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಗಂಗರ ಕಾಲದ, ಕ್ರಿ.ಶ. 900ರ ಸುಮಾರಿನ ವೀರಗಲ್ಲು ಇದೆ; ಬೆಂಗಳೂರು ಎಂಬ ಹೆಸರು ಇರುವುದು ಅದರಲ್ಲಿಯೇ. ಇಂಥ ಸಾವಿರಾರು ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಬೆಂಗಳೂರಿನಲ್ಲೇ ಹುಟ್ಟಿದ ಆಂಗ್ಲ ಅಧಿಕಾರಿ ಲೂಯಿ ರೈಸ್. ನಮ್ಮ ಪ್ರಾಚೀನತೆಯ ಹೆಮ್ಮೆಗೂ ಸಾಮ್ರಾಜ್ಯದ ಕಚೇರಿಯೇ ಕಡತ ತೆರೆಯಬೇಕಾಯಿತು ಎಂಬುದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ.

ಇನ್ನು 1799. ಶ್ರೀರಂಗಪಟ್ಟಣದ ಪತನವನ್ನು ಪುಸ್ತಕ ಯುದ್ಧವಾಗಿ ವರ್ಣಿಸುತ್ತದೆ. ನಾನು ಅದನ್ನು ಲೆಕ್ಕವಾಗಿ ಕಲಿಸುತ್ತೇನೆ. ಐದು ವರ್ಷ ತುಂಬುತ್ತಿದ್ದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕಂಪನಿ ಗದ್ದುಗೆಯ ಮೇಲೆ ಕೂರಿಸಿತು, ಅಂದರೆ ಒಂದನೆಯ ತರಗತಿಗೆ ಸೇರುವ ವಯಸ್ಸೂ ಅಲ್ಲ. ಸಹಾಯಕ ಸೈನ್ಯದ ಖರ್ಚಿಗೆಂದು ವರ್ಷಕ್ಕೆ ಏಳು ಲಕ್ಷ ವರಹ ಕೊಡಬೇಕೆಂದು ಬರೆಸಿಕೊಂಡಿತು. ಒಂದು ವರಹಕ್ಕೆ ಮೂರೂವರೆ ರೂಪಾಯಿ ಎಂದರೆ ಎಷ್ಟಾಯಿತು? ಕರಿಹಲಗೆಯ ಮೇಲೆ ಒಬ್ಬ ಹುಡುಗ ಗುಣಿಸುತ್ತಾನೆ: ಇಪ್ಪತ್ತನಾಲ್ಕೂವರೆ ಲಕ್ಷ. ಮಳೆ ಬಂದರೂ ಬಾರದಿದ್ದರೂ ಈ ಹಣ ಹೋಗಲೇಬೇಕು. ಇದರ ಜೊತೆಗೆ ಅರಮನೆಯ ದುಂದುವೆಚ್ಚವೂ ಸೇರಿದಾಗ, ಅಮಲ್ದಾರರಿಂದ ಇಂತಿಷ್ಟು ಮೊತ್ತ ವಸೂಲು ಮಾಡಿಕೊಡುವುದಾಗಿ ಮುಚ್ಚಳಿಕೆ ಬರೆಸಿಕೊಳ್ಳುವ ಶರತ್ತಿನ ಪದ್ಧತಿ ಬಲವಾಯಿತು. ಆ ಅಮಲ್ದಾರ ರೈತನನ್ನು ಹಿಂಡಿದ. 1830ರಲ್ಲಿ ನಗರ ಸೀಮೆಯ ರೈತರು ಎದ್ದರು. ದುರಾಡಳಿತವೆಂಬ ಕಾರಣ ಕೊಟ್ಟು 1831ರಲ್ಲಿ ಕಂಪನಿಯೇ ರಾಜ್ಯವನ್ನು ವಶಕ್ಕೆ ತೆಗೆದುಕೊಂಡಿತು. ಆಡಳಿತದ ಕೇಂದ್ರ ಮೈಸೂರಿನಿಂದ ದಂಡು ಇದ್ದ ಬೆಂಗಳೂರಿಗೆ ಬಂದಿತು. ಬೆಂಗಳೂರು ಇಂದು ರಾಜಧಾನಿಯಾಗಿರುವುದಕ್ಕೆ ಇರುವ ಕಾರಣಗಳಲ್ಲಿ ಆ ಏಳು ಲಕ್ಷ ವರಹವೂ ಒಂದು ಎಂದರೆ ಮಕ್ಕಳು ಒಂದು ಕ್ಷಣ ಸುಮ್ಮನಾಗಿ, ಮತ್ತೆ ಕರಿಹಲಗೆಯ ಗುಣಾಕಾರವನ್ನು ನೋಡುತ್ತಾರೆ.

ರಾಜ್ಯವನ್ನು 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ಅದಕ್ಕೆ ಮೊದಲಿನ ಐದು ವರ್ಷಗಳನ್ನು ಬಿಟ್ಟು ಈ ಮಾತನ್ನು ಹೇಳಬಾರದು. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ ಐವತ್ತು ಲಕ್ಷಕ್ಕಿಂತ ತುಸು ಹೆಚ್ಚು. 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ತುಸು ಕಡಿಮೆ. ನಡುವೆ ಬಂದದ್ದು 1876–78ರ ಧಾತು ಈಶ್ವರ ಕ್ಷಾಮ. ಆಗ ಆಳುತ್ತಿದ್ದುದು ಬ್ರಿಟಿಷ್ ಕಮಿಷನರರ ಆಡಳಿತ. ಕ್ಷಾಮದಲ್ಲಿ ಮಾಡಿದ 80 ಲಕ್ಷ ರೂಪಾಯಿ ಸಾಲದೊಂದಿಗೆ ರಾಜ್ಯ ಅರಸರ ಕೈಗೆ ಬಂದಿತು. ಪೊಗದಿಯನ್ನು 35 ಲಕ್ಷಕ್ಕೆ ಏರಿಸುವ ಷರತ್ತೂ ಜೊತೆಗೆ ಬಂದಿತು. ಏರಿಕೆಯನ್ನು 1896ರವರೆಗೆ ಮುಂದೂಡಿದರೆಂಬುದು ನಿಜ. ಆಗಿನ ರಾಜ್ಯದ ವಾರ್ಷಿಕ ಆದಾಯವೇ ಒಂದು ಕೋಟಿಯ ಆಸುಪಾಸು. ‘ಮಾದರಿ ಸಂಸ್ಥಾನ’ ಎಂದು ನಾವು ಹೆಮ್ಮೆಪಡುವ ಮೈಸೂರಿನ ದಿವಾನರು ಕೆಲಸ ಮಾಡಿದ್ದು ಈ ಹೊರೆಯ ಕೆಳಗೆ. ಕೋಲಾರದ ಚಿನ್ನಕ್ಕೆ ಅವರು ಅಷ್ಟೊಂದು ಆತುಕೊಂಡದ್ದೂ ಇದಕ್ಕಾಗಿಯೇ. ಇಂದಿನ ಮಕ್ಕಳಿಗೆ ಕೆಜಿಎಫ್ ಎಂದರೆ ಸಿನಿಮಾ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಜಾನ್ ಟೇಲರ್ ಕಂಪನಿಯ ಆ ಗಣಿಗಳಿಗೆ, ಬೆಂಗಳೂರಿನ ಬೀದಿಗಳಿಗೆ ಬಂದದ್ದು 1905ರಲ್ಲಿ ಎಂಬುದನ್ನು ಹೇಳಿದ ಮೇಲೆ ಅವರು ಆ ಸಿನಿಮಾವನ್ನು ಬೇರೆ ಕಣ್ಣಿನಿಂದ ನೋಡಬಹುದು.

ಈ ಎಲ್ಲಕ್ಕಿಂತ ಹೆಚ್ಚು ಕಾಲವನ್ನು ನಾನು ವಿನಿಯೋಗಿಸಿದ್ದು ನೀರಿನ ಮೇಲೆ. ಬಿಳೇಕಹಳ್ಳಿಯ ಮೇಲೆ ಬಿದ್ದ ಮಳೆ ಮಡಿವಾಳ ಕೆರೆಯತ್ತ ಹರಿದು, ಅಗರ, ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಅಂದರೆ ನಮ್ಮ ಊರು ಕಾವೇರಿ ಕಣಿವೆಯದಲ್ಲ. ಆದರೂ ನಮ್ಮ ನಲ್ಲಿಯಲ್ಲಿ ಬರುವುದು ಕಾವೇರಿ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತಂದದ್ದು. ಈ ನೀರಿನ ಹಿಂದೆ ಎರಡು ಕಾಗದಗಳಿವೆ: 1892ರ ಫೆಬ್ರುವರಿ 18ರ ಒಪ್ಪಂದ, 1924ರ ಫೆಬ್ರುವರಿ 18ರ ಒಪ್ಪಂದ. ಎರಡೂ ಮೈಸೂರು ಸಂಸ್ಥಾನ ಮತ್ತು ಮದ್ರಾಸು ಸರ್ಕಾರದ ನಡುವಿನವು. ಮೊದಲನೆಯದರ ಪ್ರಕಾರ ಪಟ್ಟಿಯಲ್ಲಿದ್ದ ಹದಿನೈದು ನದಿಗಳ ಮೇಲೆ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು. ಆ ಪಟ್ಟಿಯಲ್ಲಿ ಕಾವೇರಿಯೂ ಇದೆ, ದಕ್ಷಿಣ ಪಿನಾಕಿನಿಯೂ ಇದೆ. ಬಿಳೇಕಹಳ್ಳಿಯ ಮಗು ನಲ್ಲಿ ತಿರುಗಿಸಿದರೂ, ಬಚ್ಚಲಿನ ನೀರು ಹೊರಬಿಟ್ಟರೂ 1892 ತಪ್ಪಿದ್ದಲ್ಲ.

ತರಗತಿಯನ್ನು ಮೂರು ಗುಂಪು ಮಾಡಿದೆ: ಮೈಸೂರು, ಮದ್ರಾಸು, ಮತ್ತು ಇಬ್ಬರ ಮೇಲೂ ಕುಳಿತ ವೈಸರಾಯ್ ಸರ್ಕಾರ. ಮೈಸೂರಿನವರು ಕನ್ನಂಬಾಡಿಯಲ್ಲಿ ಅಣೆಕಟ್ಟು ಕಟ್ಟಬೇಕೆನ್ನುತ್ತಾರೆ, ಮದ್ರಾಸಿನವರು ಬೇಡವೆನ್ನುತ್ತಾರೆ. ಅರ್ಧ ಗಂಟೆಯೊಳಗೆ ಮೈಸೂರು ಗುಂಪಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ನಮ್ ರಾಜರನ್ನ ಗದ್ದುಗೆ ಮೇಲೆ ಕೂರಿಸ್ದೋರೂ ಅವರೇ, ಮದ್ರಾಸನ್ನ ಆಳೋರೂ ಅವರೇ, ತೀರ್ಪು ಹೇಳೋರೂ ಅವರೇನಾ?” ಎಂದಳು. ಸಮಬಲರಲ್ಲದವರ ನಡುವಿನ ಕರಾರು ಎಂದರೇನು ಎಂಬುದನ್ನು ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಆಗ ಮದ್ರಾಸು ಗುಂಪಿನಿಂದ, ಮನೆಯಲ್ಲಿ ತಮಿಳು ಆಡುವ ಹುಡುಗನೊಬ್ಬ, “ಆದ್ರೆ ತಂಜಾವೂರಿನೋರು ಇಂಗ್ಲಿಷರು ಬರೋಕ್ ಮುಂಚಿಂದಾನೂ ಅದೇ ನೀರಲ್ಲಿ ಭತ್ತ ಬೆಳೀತಿದ್ರಲ್ವಾ ಸರ್?” ಎಂದ. ಅದೂ ಸರಿಯೇ. ಕಲ್ಲಣೆಯನ್ನು ಕಟ್ಟಿದವರು ಆಂಗ್ಲರಲ್ಲ. ಕೆಳದಂಡೆಯ ಹಳೆಯ ಹಕ್ಕು ಮತ್ತು ಮೇಲ್ದಂಡೆಯವರಿಗೆ ಹಾಕಿದ ಕಡಿವಾಣ, ಎರಡೂ ಒಂದೇ ದಸ್ತಾವೇಜಿನಲ್ಲಿ ಹೆಣೆದುಕೊಂಡಿವೆ. ವೈಸರಾಯ್ ಗುಂಪಿನ ಮಕ್ಕಳು ಕಕ್ಕಾಬಿಕ್ಕಿಯಾದರು.

ನಿಜದಲ್ಲಿಯೂ ಹೀಗೆಯೇ ಆಯಿತು. ಅಣೆಕಟ್ಟಿನ ಕೆಲಸ 1911ರಲ್ಲಿ ಆರಂಭವಾಯಿತು. ವ್ಯಾಜ್ಯವನ್ನು ನ್ಯಾಯಮೂರ್ತಿ ಗ್ರಿಫಿನ್ ಅವರ ಮಧ್ಯಸ್ಥಿಕೆಗೆ ಒಪ್ಪಿಸಿದರು. 1914ರ ಅವರ ತೀರ್ಪು ಮೈಸೂರಿಗೆ ಅನುಕೂಲವಾಗಿತ್ತು. ಮದ್ರಾಸು ಒಪ್ಪಲಿಲ್ಲ, ವಿಷಯ ಲಂಡನ್ನಿನ ಭಾರತ ಸಚಿವರ ತನಕ ಹೋಗಿ, ಮತ್ತೆ ಮಾತುಕತೆ ನಡೆದು 1924ಕ್ಕೆ ಬಂದು ನಿಂತಿತು. ಮೈಸೂರಿಗೆ ಸುಮಾರು 44.8 ಟಿಎಂಸಿಯ ಕೃಷ್ಣರಾಜಸಾಗರ, ಮದ್ರಾಸಿಗೆ 93.5 ಟಿಎಂಸಿಯ ಮೆಟ್ಟೂರು. ಕೆಲವು ಷರತ್ತುಗಳನ್ನು ಐವತ್ತು ವರ್ಷಗಳ ನಂತರ, ಎಂದರೆ 1974ರಲ್ಲಿ, ಪುನರ್ವಿಮರ್ಶಿಸಬೇಕಿತ್ತು. ಅಷ್ಟರಲ್ಲಿ ಸಾಮ್ರಾಜ್ಯವೂ ಇರಲಿಲ್ಲ, ಸಂಸ್ಥಾನವೂ ಇರಲಿಲ್ಲ; ಎರಡು ಚುನಾಯಿತ ಸರ್ಕಾರಗಳು ಆ ಕಾಗದದ ಎರಡು ತುದಿ ಹಿಡಿದು ನಿಂತಿದ್ದವು. 1990ರಲ್ಲಿ ನ್ಯಾಯಮಂಡಳಿ, 1991ರ ಮಧ್ಯಂತರ ಆದೇಶ, ಆ ವರ್ಷದ ಕೊನೆಯ ಗಲಭೆ, 2007ರ ಅಂತಿಮ ತೀರ್ಪು. 2016ರ ಸೆಪ್ಟೆಂಬರ್ 12ರಂದು ಇದೇ ಬೆಂಗಳೂರಿನಲ್ಲಿ ತಮಿಳುನಾಡಿನ ನೋಂದಣಿಯ ಬಸ್ಸುಗಳು ಹತ್ತಾರು ಸಂಖ್ಯೆಯಲ್ಲಿ ಸುಟ್ಟವು.

2007ರ ತೀರ್ಪಿನಲ್ಲಿ ನ್ಯಾಯಮಂಡಳಿ ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದು ಲೆಕ್ಕ ಹಾಕಿ, ಕುಡಿಯುವ ನೀರನ್ನು ಅಷ್ಟಕ್ಕೇ ಅಳೆದಿತ್ತು. ನಮ್ಮ ಬಿಳೇಕಹಳ್ಳಿ ಆ ಲೆಕ್ಕದ ಹೊರಗಿತ್ತು. ಸುಪ್ರೀಂ ಕೋರ್ಟು 2018ರ ಫೆಬ್ರುವರಿ 16ರಂದು ಇದನ್ನು ಒಪ್ಪದೆ, ಇಡೀ ನಗರವನ್ನು ಗಣನೆಗೆ ತೆಗೆದುಕೊಂಡು ಬೆಂಗಳೂರಿಗಾಗಿ 4.75 ಟಿಎಂಸಿ ಸೇರಿಸಿತು. ಕರ್ನಾಟಕದ ಪಾಲು 270ರಿಂದ 284.75 ಟಿಎಂಸಿಗೆ ಏರಿತು. 1924ರ ಒಪ್ಪಂದದ ಆಯುಷ್ಯ 1974ಕ್ಕೆ ಮುಗಿದಿತ್ತೆಂದೂ ಆ ತೀರ್ಪೇ ಹೇಳಿತು. ಇಷ್ಟನ್ನು ಕೇಳಿದ ಮಗುವಿಗೆ ಪಕ್ಕದ ಬೆಂಚಿನ ತಮಿಳು ಹುಡುಗ ನೀರು ಕದ್ದವನಾಗಿ ಕಾಣುವುದು ಕಷ್ಟ. ಇಂಥ ಪಾಠ ಇಲ್ಲದಿದ್ದರೆ ಆ ಜಾಗವನ್ನು ಬೀದಿಯ ಭಾಷಣ ತುಂಬುತ್ತದೆ. ಅದಕ್ಕೆ ಪೈಪೋಟಿ ಕೊಡಬಲ್ಲದ್ದು ನಮ್ಮಲ್ಲಿ ಶಾಲೆಯೊಂದೇ.

ನೀರಿನ ನಂತರ ನಕ್ಷೆ. ಕನ್ನಡಿಗರು 1956ರ ನವೆಂಬರ್ 1ರವರೆಗೆ ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದರು ಎಂಬ ವಾಕ್ಯವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಏಕೆ ಹರಿದರು ಎಂಬುದಕ್ಕೆ ಉತ್ತರಗಳು ಬಿಡಿಬಿಡಿಯಾಗಿವೆ, ರೋಚಕವಾಗಿಯೂ ಇವೆ. ಟಿಪ್ಪುವಿನ ಪತನದೊಂದಿಗೆ ಕರಾವಳಿ ಕಂಪನಿಗೆ ಸೇರಿ ಮದ್ರಾಸಿನ ಭಾಗವಾಯಿತು. ಅಮೆರಿಕದಲ್ಲಿ 1861ರಲ್ಲಿ ಅಂತರ್ಯುದ್ಧ ಹತ್ತಿಕೊಂಡಾಗ ಲ್ಯಾಂಕಷೈರಿನ ಗಿರಣಿಗಳಿಗೆ ಹತ್ತಿ ನಿಂತಿತು. ಧಾರವಾಡ ಸೀಮೆಯಲ್ಲಿ ಹತ್ತಿ ಇತ್ತು, ಕಾರವಾರದಲ್ಲಿ ಒಳ್ಳೆಯ ಬಂದರಿತ್ತು. ಆದರೆ ಹತ್ತಿ ಮುಂಬಯಿ ಪ್ರಾಂತ್ಯದಲ್ಲಿ, ಬಂದರು ಮದ್ರಾಸು ಪ್ರಾಂತ್ಯದಲ್ಲಿ. ವರ್ತಕರ ಒತ್ತಾಯಕ್ಕೆ ಮಣಿದು 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದರು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಆ ದಕ್ಷಿಣ ಕನ್ನಡದ ಕಾಸರಗೋಡು 1956ರಲ್ಲಿ ಕೇರಳಕ್ಕೆ ಹೋಯಿತು. ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು.

ರಾಯಚೂರಿನ ಮಕ್ಕಳು ಕೇಳುವ ಪ್ರಶ್ನೆ ಇದಕ್ಕಿಂತ ನೇರವಾದದ್ದು. ತಮ್ಮ ಊರನ್ನು ಸಹಪಾಠಿಗಳು ಹಿಂದುಳಿದದ್ದು ಎನ್ನುತ್ತಾರೆ, ಏಕೆ ಹಾಗಾಯಿತು? ಕೃಷ್ಣಾ ತುಂಗಭದ್ರೆಗಳ ನಡುವಿನ ಆ ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ ತಲೆಮಾರುಗಟ್ಟಲೆ ಕಾದಾಡಿದರು. ಹೊಲ ಚೆನ್ನಾಗಿದ್ದುದರಿಂದಲೇ ಕಾದಾಡಿದರು ಎಂದರೆ ಆ ಮಕ್ಕಳ ಮುಖ ಅರಳುತ್ತದೆ. ಅದೇ ದೋಆಬನ್ನು ನಿಜಾಮರು 1853ರಲ್ಲಿ, ತಮ್ಮ ಹೆಸರಿನಲ್ಲಿ ಕಂಪನಿ ಸಾಕಿದ ಸೈನ್ಯದ ಬಾಕಿಗಾಗಿ ಒತ್ತೆ ಇಡಬೇಕಾಯಿತು. 1860ರಲ್ಲಿ ಅದು ಮರಳಿ ಬಂತು. ಮುಂದೆ 1948ರವರೆಗೆ ಅಲ್ಲಿನ ಸರ್ಕಾರದ ಭಾಷೆ ಉರ್ದು. ಮನೆಯ ಕನ್ನಡಕ್ಕೂ ಕಚೇರಿಗೂ ಸೇತುವೆ ಇರಲಿಲ್ಲ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಪಾಠ ಅರ್ಧ ಸುಳ್ಳಾಗುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ, ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದವೇ ಆಗಿದ್ದವು. ಏಕೀಕರಣವಾಗಿ ಆಗಲೇ 46 ವರ್ಷ ಕಳೆದಿತ್ತು. ವಿಶೇಷ ಸ್ಥಾನಮಾನದ 371 ‘ಜೆ’ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು. ಇದೆಲ್ಲಕ್ಕೂ ನಿಜಾಮರನ್ನೋ ಬ್ರಿಟಿಷರನ್ನೋ ತೋರಿಸಿ ಕೈತೊಳೆದುಕೊಳ್ಳುವುದು ಆಡಳಿತ ನಡೆಸಿದವರಿಗೆ ಬಹಳ ಅನುಕೂಲಕರ. ಸಾಮ್ರಾಜ್ಯ ಎಲ್ಲಿಯವರೆಗೆ ಕಾರಣ, ಎಲ್ಲಿಂದಾಚೆಗೆ ನೆಪ ಎಂದು ಮಕ್ಕಳೇ ಅಂಕಿಗಳನ್ನು ಇಟ್ಟುಕೊಂಡು ವಾದಿಸಲಿ. ನನ್ನ ತರಗತಿಯಲ್ಲಿ ಈ ವಾದ ಎರಡು ಶನಿವಾರ ನಡೆಯಿತು, ತೀರ್ಮಾನವಾಗಲಿಲ್ಲ.

ಇದೆಲ್ಲ ಪರೀಕ್ಷೆಗೆ ಬರುವುದಿಲ್ಲವಲ್ಲ ಎಂಬುದು ಶಿಕ್ಷಕರ ಆಕ್ಷೇಪ. ನ್ಯಾಯವಾದ ಆಕ್ಷೇಪವೇ. ಹತ್ತನೆಯ ತರಗತಿಯ ಫಲಿತಾಂಶದ ಕತ್ತಿ ಅವರ ತಲೆಯ ಮೇಲೆ ತೂಗುತ್ತಿರುತ್ತದೆ. ಜನಗಣತಿ, ಚುನಾವಣೆ, ಸಮೀಕ್ಷೆ ಎಂದು ಅವರನ್ನು ವರ್ಷವಿಡೀ ಅಲೆಸುವ ಕ್ರಮವೂ ಸಾಮ್ರಾಜ್ಯ ಬಿಟ್ಟುಹೋದ ಪದ್ಧತಿಯೇ ಇರಬೇಕು. ಪುಟ್ಟ ಮಕ್ಕಳಿಗೆ ಒಪ್ಪಂದ, ಕಂದಾಯ ಇವೆಲ್ಲ ಭಾರವಾಗದೇ ಎಂದು ಕೇಳುವವರೂ ಇದ್ದಾರೆ. ಚೀಟಿ ಹಣ, ಅಡವಿಟ್ಟ ಒಡವೆ, ಬಾಡಿಗೆಯ ಕರಾರು, ಮೇಸ್ತ್ರಿ ಮುರಿದುಕೊಂಡ ಕೂಲಿ, ಇವೆಲ್ಲವನ್ನೂ ಮನೆಯಲ್ಲಿ ಕೇಳಿ ಬೆಳೆದ ಮಕ್ಕಳು ಅವರು. ಒತ್ತೆ ಎಂದರೇನು ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲರು.

ನಿಜವಾದ ಅಡಚಣೆ ಬೇರೆಯದು: ಮೂಲ ಕಾಗದಗಳು ಮಕ್ಕಳ ಕೈಗೆ ಎಟಕುವಂತಿಲ್ಲ. ಅವೆಲ್ಲ ಇಂಗ್ಲಿಷಿನಲ್ಲಿವೆ, ಅದೂ ವಕೀಲರ ಇಂಗ್ಲಿಷು. ತರಗತಿಗೆ ಬೇಕಾದ ನಾಲ್ಕೈದು ಕಲಮುಗಳನ್ನು ನಾನೇ ತಿಳಿಗನ್ನಡಕ್ಕೆ ತಂದು ನಕಲು ಮಾಡಿಸಿ ಹಂಚುತ್ತಿದ್ದೇನೆ. ವಿಧಾನಸೌಧದ ಪಕ್ಕದಲ್ಲೇ, ವಿಕಾಸಸೌಧದಲ್ಲಿ ರಾಜ್ಯ ಪತ್ರಾಗಾರವಿದೆ. ಶಿಕ್ಷಣ ಇಲಾಖೆಯೂ ಪತ್ರಾಗಾರ ಇಲಾಖೆಯೂ ಒಟ್ಟಾಗಿ ಅರವತ್ತು ಪುಟದ ಒಂದು ಪುಸ್ತಿಕೆಯನ್ನು ತರಬಹುದು: 1799ರ ಒಪ್ಪಂದದ ಹಣದ ಕಲಮು, ಒಂದು ಹಳ್ಳಿಯ ಭೂಮಾಪನದ ನಕ್ಷೆ, 1871 ಮತ್ತು 1881ರ ಜನಗಣತಿಯ ಒಂದೊಂದು ಪುಟ, 1881ರ ಹಸ್ತಾಂತರ ಪತ್ರ, 1892 ಮತ್ತು 1924ರ ಮುಖ್ಯ ಷರತ್ತುಗಳು, 1956ಕ್ಕೆ ಮುಂಚಿನ ಮತ್ತು ನಂತರದ ನಕ್ಷೆಗಳು. ವ್ಯಾಖ್ಯಾನ ಬೇಡ; ಪ್ರತಿ ದಾಖಲೆಯ ಕೆಳಗೆ ಎರಡು ಮೂರು ಪ್ರಶ್ನೆಗಳು ಸಾಕು. ಸರ್ಕಾರ ಬದಲಾದಾಗ ಬದಲಿಸಬೇಕಾದದ್ದು ಅಂಥ ಪುಸ್ತಿಕೆಯಲ್ಲಿ ಹೆಚ್ಚೇನೂ ಇರಲಾರದು. ಪ್ರತಿ ಜಿಲ್ಲೆಯೂ ಕೊನೆಯ ಹತ್ತು ಪುಟಗಳನ್ನು ತನ್ನದೇ ಕಾಗದಗಳಿಂದ ತುಂಬಿಕೊಳ್ಳಲಿ: ಕಾರವಾರಕ್ಕೆ 1862, ರಾಯಚೂರಿಗೆ 1853, ಕೋಲಾರಕ್ಕೆ ಗಣಿಯ ಗುತ್ತಿಗೆ ಪತ್ರ.